ತಿಂಗಳು ತುಂಬದೆ ಹುಟ್ಟಿದ ಮಗುವಿನ ಮೆದುಳಿಗೆ ಪೆಟ್ಟಾಗಿದೆ ಎಂದಾಗ: ಮೊದಲ ದಿನದಿಂದ ಎರಡು ವರ್ಷದವರೆಗೆ ಏನು ಮಾಡಬೇಕು

"ಏಳು ತಿಂಗಳಿಗೇ ಹೆರಿಗೆ ಆಯ್ತು. ಮಗೂನ ಗ್ಲಾಸ್ ಪೆಟ್ಟಿಗೇಲಿ ಇಟ್ಟಿದ್ದಾರೆ. ತಲೆ ಸ್ಕ್ಯಾನ್ ಮಾಡಿ ಮೆದುಳಲ್ಲಿ ರಕ್ತ ಸೋರಿದೆ ಅಂದ್ರು. ಮುಂದೆ ನಡೆಯುತ್ತಾ?" ಶಿರಾ, ಮಧುಗಿರಿ, ಚಿಂತಾಮಣಿ, ಮುಳಬಾಗಿಲು, ಎಲ್ಲಿಂದ ಕೇಳಿದರೂ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಒಬ್ಬೊಬ್ಬರಿಗೆ ತುಂಡು ತುಂಡು ಉತ್ತರ ಕೊಡುವುದಕ್ಕಿಂತ ಎಲ್ಲವನ್ನೂ ಒಂದು ಕಡೆ ಬರೆಯುವುದು ಮೇಲು ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕಂಡ ಹಾಗೆ, ಈ ಮಕ್ಕಳು ಕೈತಪ್ಪಿ ಹೋಗುವುದು ಮನೆಗೆ ಬಂದ ಮೇಲೆ. ಮಗು ಹಾಲು ಕುಡಿಯುತ್ತದೆ, ತೂಕ ಹಿಡಿಯುತ್ತದೆ, ನಗುತ್ತದೆ. ಎಲ್ಲ ಸರಿಯಾಗಿದೆ ಅಲ್ವಾ ಎಂದು ಚೆಕಪ್‌ಗೆ ಹೋಗುವುದು ನಿಲ್ಲುತ್ತದೆ. ಒಂದೂವರೆ ವರ್ಷಕ್ಕೆ "ಇನ್ನೂ ಕೂರ್ತಾ ಇಲ್ಲ" ಎಂದು ಓಡಿ ಬರುತ್ತಾರೆ. ಮೆದುಳು ಬೇಗ ಬೇಗ ಬೆಳೆದು, ಹೊಸದನ್ನು ಸುಲಭವಾಗಿ ಕಲಿಯುವ ಕಾಲ ಮೊದಲ ಎರಡು ವರ್ಷ. ಅದರ ದೊಡ್ಡ ಭಾಗ ಅಷ್ಟರಲ್ಲಿ ಕಳೆದಿರುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ನಷ್ಟವನ್ನು ತಪ್ಪಿಸಲಿಕ್ಕೆ. ನಿಮ್ಮ ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ.

ಕೈಯಲ್ಲಿ ಇರಬೇಕಾದ್ದು

ಒಂದು ಗಟ್ಟಿ ಫೈಲು. ಒಂದು ನೋಟ್‌ಬುಕ್. ಎಳೆದರೆ ಹಿಗ್ಗದ ಅಳತೆ ಟೇಪು. ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್. ಸ್ಕ್ಯಾನ್ ಆದ ದಿನವೇ ಅದರ ಚಿತ್ರ, ರಿಪೋರ್ಟ್ ಎರಡನ್ನೂ ಮೊಬೈಲಲ್ಲಿ ಫೋಟೋ ಹಿಡಿದುಕೊಳ್ಳಿ. ಸ್ಕ್ಯಾನ್ ಚಿತ್ರ ಹೆಚ್ಚಾಗಿ ಥರ್ಮಲ್ ಕಾಗದದಲ್ಲಿ ಬರುತ್ತದೆ, ಶೆಕೆಗೆ ಮಾಸಿಹೋಗುತ್ತದೆ. ಆರು ತಿಂಗಳು ಬಿಟ್ಟು ಬೆಂಗಳೂರಿನ ಡಾಕ್ಟರ್ ಕೇಳಿದಾಗ ಖಾಲಿ ಹಾಳೆ ತೋರಿಸುವ ಹಾಗೆ ಆಗಬಾರದು.

1. ರಿಪೋರ್ಟಿನಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

37 ವಾರ ತುಂಬುವ ಮುಂಚೆ ಹುಟ್ಟಿದರೆ ಅವಧಿಗೆ ಮುಂಚಿನ ಮಗು. 32 ವಾರಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಿಗೆ ತಲೆ ಸ್ಕ್ಯಾನ್ ಮಾಡಿಯೇ ಮಾಡುತ್ತಾರೆ. ನೆತ್ತಿಯ ಮೆತ್ತನೆ ಜಾಗಕ್ಕೆ ಜೆಲ್ ಹಚ್ಚಿ ಮಾಡುವ ಅಲ್ಟ್ರಾಸೌಂಡ್ ಅದು. ಬಸಿರಲ್ಲಿ ನಿಮಗೆ ಮಾಡಿದರಲ್ಲ, ಅದೇ ತಂತ್ರ. ಎಕ್ಸ್‌ರೇ ಕಿರಣ ಇಲ್ಲ, ನೋವಿಲ್ಲ. "ಮತ್ತೆ ಮತ್ತೆ ಸ್ಕ್ಯಾನ್ ಮಾಡ್ತಾರೆ" ಎಂದು ಹೆದರಬೇಡಿ.

ರಿಪೋರ್ಟಿನಲ್ಲಿ ಎರಡು ಪದ ಜಾಸ್ತಿ ಕಾಣುತ್ತವೆ.

ಒಂದು ಐವಿಎಚ್. ಮೆದುಳಿನ ಒಳಗೆ ನೀರು ತುಂಬಿದ ಕೋಣೆಗಳಿವೆ, ಅವಕ್ಕೆ ವೆಂಟ್ರಿಕಲ್ ಎನ್ನುತ್ತಾರೆ. ಬೇಗ ಹುಟ್ಟಿದ ಮಗುವಿನಲ್ಲಿ ಆ ಕೋಣೆಗಳ ಪಕ್ಕದ ರಕ್ತನಾಳಗಳು ತೀರಾ ತೆಳು. ಉಸಿರಾಟ ಏರುಪೇರಾದರೆ, ಬಿಪಿ ಹೆಚ್ಚುಕಮ್ಮಿ ಆದರೆ ಒಡೆಯುತ್ತವೆ. ಹೀಗೆ ರಕ್ತ ಸೋರುವುದು ಹೆಚ್ಚಾಗಿ ಹುಟ್ಟಿದ ಮೊದಲ 72 ಗಂಟೆಯಲ್ಲಿ. ಇದರಲ್ಲಿ ನಾಲ್ಕು ಗ್ರೇಡ್. ಗ್ರೇಡ್ 1 ಅಂದರೆ ರಕ್ತ ಕೋಣೆಯ ಪಕ್ಕದಲ್ಲೇ ನಿಂತಿದೆ. 2 ಅಂದರೆ ಕೋಣೆಯೊಳಗೆ ಬಂದಿದೆ, ಕೋಣೆ ಹಿಗ್ಗಿಲ್ಲ. 3 ಅಂದರೆ ಕೋಣೆ ಹಿಗ್ಗಿದೆ. 4 ಅಂದರೆ ಪಕ್ಕದ ಮೆದುಳಿನ ಭಾಗಕ್ಕೂ ಪೆಟ್ಟಾಗಿದೆ. ಗ್ರೇಡ್ 1, 2ರ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. 3, 4ರಲ್ಲಿ ಅಪಾಯ ಜಾಸ್ತಿ. ಹಾಗಂತ ಗ್ರೇಡ್ 4ರ ಪ್ರತಿ ಮಗುವಿಗೂ ಒಂದೇ ಗತಿ ಅಂತ ಇಲ್ಲ.

ಇನ್ನೊಂದು ಪಿವಿಎಲ್. ಆ ಕೋಣೆಗಳ ಸುತ್ತಲಿನ ಬಿಳಿ ಭಾಗಕ್ಕೆ, ಅಂದರೆ ಮೆದುಳಿನ ಅಪ್ಪಣೆಯನ್ನು ಕೈಕಾಲಿಗೆ ಒಯ್ಯುವ ನರದ ಎಳೆಗಳಿಗೆ ಆಗುವ ಪೆಟ್ಟು. ಕಾಲಿಗೆ ಹೋಗುವ ಎಳೆಗಳು ಕೋಣೆಗೆ ತೀರಾ ಹತ್ತಿರ ಹಾದುಹೋಗುತ್ತವೆ. ಅದಕ್ಕೇ ಈ ಮಕ್ಕಳಲ್ಲಿ ಕೈಗಿಂತ ಕಾಲು ಬಿಗಿಯಾಗುವುದು ಜಾಸ್ತಿ.

ಇಲ್ಲಿ ಒಂದು ಎಚ್ಚರಿಕೆ. ಪಿವಿಎಲ್‌ನ ಸಣ್ಣ ಗುಳ್ಳೆಗಳು ಸ್ಕ್ಯಾನಿನಲ್ಲಿ ಕಾಣಿಸಲು ಪೆಟ್ಟಾದ ಮೇಲೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದ ಸ್ಕ್ಯಾನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ನಾಲ್ಕನೇ ವಾರದ ಆಸುಪಾಸು ಒಂದು, ಹೆರಿಗೆ ದಿನಾಂಕ ಕೊಟ್ಟಿದ್ದರಲ್ಲ ಆ ಹೊತ್ತಿಗೆ ಇನ್ನೊಂದು ಸ್ಕ್ಯಾನ್ ಆಗಿದೆಯಾ ಎಂದು ಕೇಳಿ.

ರೌಂಡ್ಸ್ ಹೊತ್ತಲ್ಲಿ ಡಾಕ್ಟರ್ ಅವಸರದಲ್ಲಿರುತ್ತಾರೆ. ನಿಮಗೂ ಬಾಯಿ ಕಟ್ಟಿಹೋಗಿರುತ್ತದೆ. ಹಿಂದಿನ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದುಕೊಂಡು ಹೋಗಿ:

- ಪೆಟ್ಟು ಯಾವುದು, ಎಷ್ಟನೇ ಗ್ರೇಡ್, ಒಂದು ಕಡೆಯಾ ಎರಡೂ ಕಡೆಯಾ?
- ವೆಂಟ್ರಿಕಲ್ ಹಿಗ್ಗುತ್ತಾ ಇದೆಯಾ, ಹಾಗೇ ನಿಂತಿದೆಯಾ?
- ಮುಂದಿನ ಸ್ಕ್ಯಾನ್ ಯಾವಾಗ? ಎಂಆರ್‌ಐ ಬೇಕಾ?
- ಫಿಟ್ಸ್ ಬಂದಿತ್ತಾ? ಔಷಧಿ ಏನು ಕೊಟ್ಟಿದ್ದೀರಿ?

"ಮುಂದೆ ಏನಾಗುತ್ತೆ" ಎಂಬ ಪ್ರಶ್ನೆಗೆ ಆ ದಿನ ಪೂರ್ತಿ ಉತ್ತರ ಸಿಗುವುದಿಲ್ಲ. ಡಾಕ್ಟರ್ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ಪೆಟ್ಟು ಎಲ್ಲಿ ಆಗಿದೆ ಎಂದು ಸ್ಕ್ಯಾನ್ ತೋರಿಸುತ್ತದೆ. ಮಗು ಅದನ್ನು ಎಷ್ಟು ದಾಟುತ್ತದೆ ಎಂಬುದು ಮಗು ಕೈಕಾಲು ಆಡಿಸುವುದನ್ನು ತಿಂಗಳುಗಟ್ಟಲೆ ನೋಡಿದ ಮೇಲೇ ಗೊತ್ತಾಗುವುದು.

2. ಆಸ್ಪತ್ರೆಯಲ್ಲಿ ಇರುವಾಗ ನೀವು ಮಾಡಬಹುದಾದ್ದು

ಎನ್‌ಐಸಿಯು ಅಂದರೆ ಹಸುಗೂಸುಗಳ ತುರ್ತು ನಿಗಾ ಘಟಕ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂಬ ಬೋರ್ಡ್ ಇರುತ್ತದೆ. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ನಮ್ಮಿಂದ ಏನೂ ಆಗಲ್ಲ ಎಂದುಕೊಳ್ಳುವ ಅಪ್ಪಂದಿರನ್ನು ನೋಡಿದರೆ ಸಂಕಟ ಆಗುತ್ತದೆ. ನಿಮ್ಮಿಂದಲೂ ಆಗುತ್ತದೆ. ಎರಡು ಕೆಲಸ ನಿಮ್ಮದೇ.

ಮೊದಲನೆಯದು ಕಾಂಗರೂ ಆರೈಕೆ. ಮಗುವಿಗೆ ಡಯಾಪರ್, ಟೋಪಿ, ಕಾಲುಚೀಲ ಅಷ್ಟೇ. ಅಮ್ಮನ ಬರಿ ಎದೆಯ ಮೇಲೆ ನೆಟ್ಟಗೆ, ಕಪ್ಪೆ ಕೂತ ಹಾಗೆ ಕಾಲು ಮಡಿಸಿ ಮಲಗಿಸಿ, ಮೇಲೆ ಬಟ್ಟೆ ಕಟ್ಟುತ್ತಾರೆ. ಮುಖ ಒಂದು ಪಕ್ಕಕ್ಕೆ, ಮೂಗು ಕಾಣುವಂತೆ. ಮೈ ಬೆಚ್ಚಗಿರುತ್ತದೆ, ಉಸಿರು ಹದಕ್ಕೆ ಬರುತ್ತದೆ, ಸೋಂಕು ಕಡಿಮೆ, ಹಾಲೂ ಜಾಸ್ತಿ ಬರುತ್ತದೆ. ದಿನಕ್ಕೆ 8 ಗಂಟೆಗಿಂತ ಕಡಿಮೆ ಬೇಡ, ಎಷ್ಟು ಜಾಸ್ತಿ ಆದರೆ ಅಷ್ಟು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬರಿಂದಲೇ ಆಗುವ ಕೆಲಸ ಅಲ್ಲ. ಸಿಸೇರಿಯನ್ ಆಗಿ ಅಮ್ಮ ಇನ್ನೂ ಎದ್ದಿಲ್ಲವಾದರೆ ಅಪ್ಪ ಅಂಗಿ ಬಿಚ್ಚಿ ಕೂರಬಹುದು, ಅಜ್ಜಿಯೂ ಕೂರಬಹುದು. ತಲೆಯಲ್ಲಿ ರಕ್ತ ಸೋರಿದ ಮೊದಲ ದಿನಗಳಲ್ಲಿ ಮಗುವನ್ನು ಅಲ್ಲಾಡಿಸುವುದು ಬೇಡ ಎನ್ನಬಹುದು. ಆಗ "ಯಾವಾಗ ಶುರು ಮಾಡಬಹುದು ಸಿಸ್ಟರ್" ಎಂದು ದಿನಾ ಕೇಳುತ್ತಿರಿ.

ಎರಡನೆಯದು ಎದೆಹಾಲು. ಮಗು ಚೀಪದಿದ್ದರೂ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಾಲು ಹಿಂಡಿ ತೆಗೆಯಬೇಕು. ಮೊದಲು ನಾಲ್ಕು ಹನಿ ಬಂದರೆ ಅದೇ ಸಾಕು, ಚೆಲ್ಲಬೇಡಿ. ನಳಿಕೆಯಲ್ಲಿ, ಆಮೇಲೆ ಪಾಲಡೈಯಲ್ಲಿ ಕುಡಿಸುತ್ತಾರೆ. ನಮ್ಮ ಮನೆಗಳ ಒಳಲೆಯೇ ಅದು, ಕುದಿಸಿ ತೊಳೆದಿರಬೇಕು ಅಷ್ಟೇ.

3. ಡಿಸ್ಚಾರ್ಜ್ ದಿನ ಅವಸರ ಬೇಡ

ಮನೆಗೆ ಹೋಗುವ ಖುಷಿಯಲ್ಲಿ, ಬಿಲ್ ಕಟ್ಟುವ ಗಡಿಬಿಡಿಯಲ್ಲಿ, ಕಾಗದ ಓದುವವರೇ ಇರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಮೇಲೆ ಅಲ್ಲೇ ಕೂತು ನೋಡಿ: ಎಷ್ಟು ವಾರಕ್ಕೆ ಹುಟ್ಟಿತು, ತೂಕ, ಹುಟ್ಟಿದಾಗ ಮತ್ತು ಈಗ ತಲೆ ಸುತ್ತಳತೆ, ಸ್ಕ್ಯಾನ್ ಫಲಿತಾಂಶ, ಔಷಧಿಗಳು, ಮುಂದಿನ ತಾರೀಖು. ಬಿಟ್ಟಿದ್ದರೆ ಬರೆಸಿಕೊಳ್ಳಿ.

ಆಮೇಲೆ ಕಣ್ಣು, ಕಿವಿ.

ಕಣ್ಣಿನ ಪರೀಕ್ಷೆ ಮುಂದೂಡುವಂಥದ್ದೇ ಅಲ್ಲ. ಆರ್‌ಒಪಿ ಎಂದರೆ ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಪರದೆಯಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆಯುವ ಕಾಯಿಲೆ. ಹೊರಗಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ, ತಡವಾದರೆ ಕುರುಡು. 34 ವಾರಕ್ಕಿಂತ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿ 30 ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ತೀರಾ ಸಣ್ಣ ಮಗುವಾದರೆ ಎರಡು ಮೂರು ವಾರಕ್ಕೇ. ಮಗು ಇನ್ನೂ ಆಸ್ಪತ್ರೆಯಲ್ಲಿದೆ ಎಂದು ಕಾಯುವಂತಿಲ್ಲ. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಯೋಜನೆ ಇದೆ. ಕ್ಯಾಮೆರಾ ಹೊತ್ತ ತಂಡ ಜಿಲ್ಲೆಗಳ ಆಸ್ಪತ್ರೆಗೇ ಬಂದು ಕಣ್ಣಿನ ಚಿತ್ರ ತೆಗೆದು, ಬೆಂಗಳೂರಿನ ತಜ್ಞರಿಗೆ ಕಳಿಸುತ್ತದೆ. ನಿಮ್ಮ ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಎಂದು ಕೇಳಿ.

ಕಿವಿಗೆ ಒಎಇ, ಬೆರಾ ಎಂಬ ಎರಡು ಪರೀಕ್ಷೆ. ಒಎಇ ಒಳಕಿವಿಯನ್ನು ನೋಡುತ್ತದೆ. ಸದ್ದು ನರದ ಮೂಲಕ ಮೆದುಳಿಗೆ ಮುಟ್ಟುತ್ತಿದೆಯಾ ಎಂದು ನೋಡುವುದು ಬೆರಾ. ಎನ್‌ಐಸಿಯುನಲ್ಲಿದ್ದ ಮಗುವಿಗೆ ಬರೀ ಒಎಇ ಸಾಲದು, ಬೆರಾ ಕೇಳಿ. ತಟ್ಟೆ ಬಡಿದರೆ ತಿರುಗುತ್ತದೆ ಎಂಬ ಮನೆ ಪರೀಕ್ಷೆಯನ್ನು ನಂಬಬೇಡಿ.

4. ಮನೆಗೆ ಬಂದ ಮೇಲೆ: ತಲೆ ಅಳತೆ ಮತ್ತು ಅಪಾಯದ ಗುರುತು

ರಕ್ತ ಸೋರಿದ ಮಕ್ಕಳಲ್ಲಿ ಕೆಲವರಿಗೆ ಮೆದುಳಿನ ನೀರು ಹರಿದುಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ನೀರು ನಿಂತು ಕೋಣೆಗಳು ಹಿಗ್ಗುತ್ತವೆ, ತಲೆ ದೊಡ್ಡದಾಗುತ್ತದೆ. ಇದಕ್ಕೆ ಹೈಡ್ರೋಸೆಫಲಸ್ ಎನ್ನುತ್ತಾರೆ. ಇದನ್ನು ಬೇಗ ಹಿಡಿಯಲು ಮನೆಯಲ್ಲೇ ಒಂದು ದಾರಿ ಇದೆ.

ವಾರಕ್ಕೊಮ್ಮೆ, ಒಂದೇ ದಿನ, ಒಬ್ಬರೇ ಅಳೆಯಿರಿ. ಟೇಪು ಮುಂದೆ ಹುಬ್ಬಿನ ಸ್ವಲ್ಪ ಮೇಲೆ, ಪಕ್ಕದಲ್ಲಿ ಕಿವಿಯ ಮೇಲೆ, ಹಿಂದೆ ತಲೆ ಜಾಸ್ತಿ ಉಬ್ಬಿರುವ ಕಡೆ ಬರಬೇಕು. ಕೂದಲು ಒತ್ತುವಷ್ಟು ಬಿಗಿ. ಮೂರು ಸಲ ಅಳೆದು ದೊಡ್ಡ ಅಳತೆಯನ್ನು ತಾರೀಖಿನ ಜೊತೆ ಬರೆಯಿರಿ. ಹೆರಿಗೆ ದಿನಾಂಕ ಬರುವವರೆಗೆ ವಾರಕ್ಕೆ 1 ಸೆಂ.ಮೀ. ಒಳಗೆ ಬೆಳೆದರೆ ಸಾಮಾನ್ಯ, ಆಮೇಲೆ ಇನ್ನೂ ನಿಧಾನವಾಗಿ ಬೆಳೆಯಬೇಕು. ಅದಕ್ಕಿಂತ ಜಾಸ್ತಿ ಆದರೆ ಡಾಕ್ಟರಿಗೆ ಫೋನ್ ಮಾಡಿ. 2 ಸೆಂ.ಮೀ. ಮುಟ್ಟಿದರೆ ಅದೇ ದಿನ ಹೊರಡಿ. ತಲೆ ಬೆಳೆಯದೆ ನಿಂತುಬಿಟ್ಟರೂ ಮುಂದಿನ ಚೆಕಪ್‌ನಲ್ಲಿ ತೋರಿಸಿ.

ಕೆಳಗಿನ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ, 108ಕ್ಕೆ ಕರೆ ಮಾಡಿ:

- ಮಗು ಅಳದೆ ಇರುವಾಗಲೂ, ಎತ್ತಿ ಕೂರಿಸಿದಾಗಲೂ ನೆತ್ತಿ ಉಬ್ಬಿ ಗಟ್ಟಿಯಾಗಿದ್ದರೆ
- ಕಣ್ಣುಗುಡ್ಡೆ ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣುತ್ತಿದ್ದರೆ
- ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹಾಲು ಬೇಡವೆನ್ನುವುದು
- ಉಸಿರು ನಿಂತು ನಿಂತು ಬರುವುದು, ಮೈ ನೀಲಿಯಾಗುವುದು, ಫಿಟ್ಸ್

ನೀರು ತೆಗೆಯಲು ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೆ ಸಣ್ಣ ನಳಿಕೆ ಹಾಕುವ ಆಪರೇಷನ್ ಇದೆ, ಅದಕ್ಕೆ ಶಂಟ್ ಎನ್ನುತ್ತಾರೆ. ಶಂಟ್ ಹಾಕಿದ ಮಗುವಿಗೆ ಜ್ವರ, ವಾಂತಿ, ಮಂಪರು ಬಂದರೆ ನಳಿಕೆ ಕಟ್ಟಿದೆಯೋ ಸೋಂಕಾಗಿದೆಯೋ ಎಂದೇ ಮೊದಲು ಯೋಚಿಸಬೇಕು.

ಫಿಟ್ಸ್ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇದು ಕಣ್ಣೆದುರಲ್ಲೇ ತಪ್ಪಿಹೋಗುತ್ತದೆ. ಮೂರು ತಿಂಗಳಿಂದ ಒಂದು ವರ್ಷದ ಒಳಗೆ ಒಂದು ಬಗೆಯ ಫಿಟ್ಸ್ ಬರಬಹುದು. ಮಗು ನಿದ್ದೆಯಿಂದ ಏಳುತ್ತಿದ್ದ ಹಾಗೆ ತಟಕ್ಕನೆ ಕತ್ತು ಬಗ್ಗಿಸಿ, ಎರಡೂ ಕೈ ಮುಂದಕ್ಕೆ ಚಾಚಿ, ಮುದುಡುತ್ತದೆ. ಒಂದೆರಡು ಸೆಕೆಂಡು. ಬಿಡುತ್ತದೆ. ಮತ್ತೆ ಅದೇ. ಹೀಗೆ ಸಾಲಾಗಿ ಹತ್ತಾರು ಸಲ. ಬೆಚ್ಚಿಬಿದ್ದಿದೆ, ಹೊಟ್ಟೆನೋವು ಎಂದು ಮನೆಯಲ್ಲಿ ಹೇಳುತ್ತಾರೆ. ಕಲಿತಿದ್ದ ನಗುವನ್ನೂ ಮಗು ಮರೆಯತೊಡಗುತ್ತದೆ. ಇದು ಇನ್‌ಫಂಟೈಲ್ ಸ್ಪಾಸಂ. ಮೊಬೈಲಲ್ಲಿ ವಿಡಿಯೋ ಮಾಡಿ, ಆ ವಾರದಲ್ಲೇ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಎರಡೂ ಸರ್ಕಾರದವು, ಹತ್ತಿರ ಹತ್ತಿರವೇ ಇವೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಮಗುವಿಗೆ ಒಳ್ಳೆಯದು.

ಫಿಟ್ಸ್ ಔಷಧಿ ಕೊಡುತ್ತಿದ್ದರೆ ಬಾಟಲಿ ಖಾಲಿಯಾಗುವ ಒಂದು ವಾರ ಮುಂಚೆಯೇ ಹೊಸದು ತಂದಿಡಿ. ಊರಿನ ಮೆಡಿಕಲ್‌ನಲ್ಲಿ ಸಿಗದೇ ಇರಬಹುದು. ಮೂರು ತಿಂಗಳಿಂದ ಬಂದಿಲ್ಲ ಎಂದು ನೀವೇ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ಜೋರಾಗಿ ಬರುತ್ತದೆ.

ಇನ್ನು ಎಣ್ಣೆ ನೀರು. ಎಣ್ಣೆ ಹಚ್ಚಿ ಮೆಲ್ಲಗೆ ಸವರುವುದು ಒಳ್ಳೆಯದೇ, ತೂಕ ಹಿಡಿದು ಡಾಕ್ಟರ್ ಸರಿ ಎಂದ ಮೇಲೆ. ಕಾಲು ನೀಡಿಕೊಂಡು ಕೂತು, ಅದರ ಮೇಲೆ ಮಗುವನ್ನು ಬೋರಲು ಹಾಕಿ, ಕೈಕಾಲು ಹಿಂದಕ್ಕೆ ಎಳೆದು ಜೋಡಿಸುವುದು, ನೆತ್ತಿಗೆ ಎಣ್ಣೆ ಒತ್ತಿ ತುಂಬುವುದು, ಮೂಗಿಗೆ ಊದುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು ಬೇಡ. ಬಿಗಿ ಇರುವ ಕಾಲನ್ನು ರಭಸದಿಂದ ಎಳೆದರೆ ಇನ್ನಷ್ಟು ಬಿಗಿಯಾಗುತ್ತದೆ. ಎರೆಯುವ ಅಜ್ಜಿಗೆ ನೀವು ಹೇಳಿದರೆ ಬೇಜಾರಾಗುತ್ತದೆ. ಒಂದು ಸಲ ಅವರನ್ನೂ ಥೆರಪಿಗೆ ಕರೆದುಕೊಂಡು ಹೋಗಿ. ಹೇಗೆ ಮುಟ್ಟಬೇಕು ಎಂದು ಅಲ್ಲಿ ತೋರಿಸಿಕೊಟ್ಟರೆ ಮಿಕ್ಕವರಿಗಿಂತ ಚೆನ್ನಾಗಿ ಮಾಡುವವರು ಅವರೇ.

5. ವಯಸ್ಸನ್ನು ಸರಿಯಾಗಿ ಲೆಕ್ಕ ಹಾಕಿ

30 ವಾರಕ್ಕೆ ಹುಟ್ಟಿದ ಮಗು 10 ವಾರ ಮುಂಚೆ ಬಂದಿದೆ, ಅಂದರೆ ಸುಮಾರು ಎರಡೂವರೆ ತಿಂಗಳು. ಹುಟ್ಟಿ ಆರು ತಿಂಗಳಾದಾಗ ಅದರ ಬೆಳವಣಿಗೆಯನ್ನು ಮೂರೂವರೆ ತಿಂಗಳ ಮಗುವಿನ ಜೊತೆ ಹೋಲಿಸಬೇಕು. ಇದಕ್ಕೆ ತಿದ್ದಿದ ವಯಸ್ಸು ಎನ್ನೋಣ. ಎರಡು ವರ್ಷದವರೆಗೂ ಇದೇ ಲೆಕ್ಕ. ಲಸಿಕೆಗೆ ಮಾತ್ರ ಈ ಲೆಕ್ಕ ಇಲ್ಲ, ಅದು ಹುಟ್ಟಿದ ತಾರೀಖಿನಿಂದಲೇ. ಫಿಟ್ಸ್ ಇದ್ದರೆ ಲಸಿಕೆಗೆ ಮುಂಚೆ ಡಾಕ್ಟರಿಗೆ ಹೇಳಿ.

ತಿದ್ದಿದ ವಯಸ್ಸಿಗೆ ಈ ಗುರುತುಗಳು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ:

- 4 ತಿಂಗಳಾದರೂ ಕತ್ತು ನಿಲ್ಲದಿರುವುದು, ಹೆಬ್ಬೆರಳು ಒಳಗೆ ಸೇರಿಸಿ ಮುಷ್ಟಿ ಬಿಗಿದೇ ಇರುವುದು
- ಡಯಾಪರ್ ಬದಲಿಸುವಾಗ ತೊಡೆ ಬಿಡಿಸಲು ಕಷ್ಟವಾಗುವುದು, ಎತ್ತಿ ಹಿಡಿದಾಗ ಕಾಲು ಕತ್ತರಿ ಹಾಕುವುದು
- 9 ತಿಂಗಳಿಗೂ ಆಸರೆ ಇಲ್ಲದೆ ಕೂರದಿರುವುದು
- ಒಂದು ವರ್ಷದ ಒಳಗೇ ಒಂದೇ ಕೈ ಬಳಸುವುದು

ಕೊನೆಯದನ್ನು ಮನೆಯಲ್ಲಿ "ಎಡಚ" ಎಂದು ಸಂತೋಷಪಡುತ್ತಾರೆ. ಅಷ್ಟು ಸಣ್ಣ ಮಗುವಿಗೆ ಎರಡು ಕೈಯೂ ಸಮ. ಒಂದನ್ನೇ ಬಳಸುತ್ತಿದೆ ಎಂದರೆ ಇನ್ನೊಂದಕ್ಕೆ ತೊಂದರೆ ಇರಬಹುದು. "ಅವರಪ್ಪನೂ ತಡವಾಗಿಯೇ ನಡೆದಿದ್ದು" ಎಂಬ ಮಾತು ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಹೇಳಬಹುದೇನೋ. ತಲೆ ಸ್ಕ್ಯಾನಿನಲ್ಲಿ ಪೆಟ್ಟು ಕಂಡ ಮಗುವಿಗೆ ಖಂಡಿತ ಬೇಡ.

ತಿದ್ದಿದ ವಯಸ್ಸು 3ರಿಂದ 5 ತಿಂಗಳ ನಡುವೆ ಒಂದು ಪರೀಕ್ಷೆ ಆಗಲೇಬೇಕು. ಮಗು ಎಚ್ಚರವಾಗಿ, ಆರಾಮಾಗಿ ಅಂಗಾತ ಮಲಗಿದ್ದಾಗ ಕೈಕಾಲು, ಕತ್ತು, ಸೊಂಟ ಎಲ್ಲ ಸಣ್ಣಗೆ ಮಿಸುಕಾಡುತ್ತಲೇ ಇರುತ್ತವೆ. ತರಬೇತಿ ಪಡೆದವರು ಕೆಲವು ನಿಮಿಷದ ವಿಡಿಯೋ ನೋಡಿ ಆ ಚಲನೆ ಇದೆಯೋ ಇಲ್ಲವೋ ಹೇಳುತ್ತಾರೆ. ಇದು ಜನರಲ್ ಮೂವ್‌ಮೆಂಟ್ಸ್ ಪರೀಕ್ಷೆ. ಇದರ ಜೊತೆಗೆ ಹೈನ್ ಎಂಬ ನರ ಪರೀಕ್ಷೆ ಮತ್ತು ಸ್ಕ್ಯಾನ್ ಸೇರಿಸಿ ನೋಡಿದರೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪೆಟ್ಟಿನಿಂದ ಬರುವ ಚಲನೆಯ ತೊಂದರೆಯನ್ನು, 6 ತಿಂಗಳೊಳಗೇ ಗುರುತಿಸಬಹುದು. ಎರಡು ವರ್ಷ ಆಗಲಿ, ಆಮೇಲೆ ಹೇಳೋಣ ಎನ್ನುವ ಕಾಲ ಹೋಯಿತು.

6. ಥೆರಪಿ: ಎಲ್ಲಿ, ಹೇಗೆ

ಥೆರಪಿ ಶುರು ಮಾಡಲು ಕಾಯಿಲೆಗೆ ಹೆಸರು ಬೇಕಾಗಿಲ್ಲ. ಅಪಾಯ ಇದೆ ಎಂದು ಗೊತ್ತಾದರೆ ಸಾಕು.

ಮೊದಲು ಹೋಗಬೇಕಾದ ಜಾಗ ನಿಮ್ಮ ಜಿಲ್ಲಾ ಆಸ್ಪತ್ರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರ ಇರುತ್ತದೆ. ಬೆಳವಣಿಗೆಯ ತೊಂದರೆಯನ್ನು ಬೇಗ ಹಿಡಿದು ಚಿಕಿತ್ಸೆ ಶುರು ಮಾಡುವ ಕೇಂದ್ರ ಅದು. ಮಕ್ಕಳ ಡಾಕ್ಟರ್, ಫಿಸಿಯೋಥೆರಪಿಸ್ಟ್, ಮಾತು-ಕಿವಿ ತಜ್ಞರು, ಮನಶ್ಶಾಸ್ತ್ರಜ್ಞರು ಎಲ್ಲ ಒಂದೇ ಕಡೆ ಸಿಗಲಿ ಎಂದು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ತುಮಕೂರಲ್ಲಿ ಜಿಲ್ಲಾ ಆಸ್ಪತ್ರೆ, ಕೋಲಾರದಲ್ಲಿ ಎಸ್‌ಎನ್‌ಆರ್ ಆಸ್ಪತ್ರೆ, ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಕ್ಕಳ ವಿಭಾಗದಲ್ಲಿ ಡಿಇಐಸಿ ಎಂದು ಕೇಳಿ. ಹೊರಡುವ ಮುಂಚೆ ಯಾವ ಥೆರಪಿಸ್ಟ್ ಯಾವ ದಿನ ಇರುತ್ತಾರೆ ಎಂದು ಫೋನಲ್ಲಿ ವಿಚಾರಿಸಿ. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಕೂಸನ್ನು ಎತ್ತಿಕೊಂಡು ಬಂದು ಸುಮ್ನೆ ವಾಪಸ್ ಹೋಗುವ ಹಾಗೆ ಆಗಬಾರದು. ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅಮ್ಮನಿಗೆ ಪ್ರಯಾಣ ಉಚಿತ, ಗುರುತಿನ ಚೀಟಿ ಇಟ್ಟುಕೊಳ್ಳಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ, ಉದಾಹರಣೆಗೆ ಕೋಲಾರದ ಟಮಕದಲ್ಲಿರುವ ಜಾಲಪ್ಪ ಆಸ್ಪತ್ರೆಯಲ್ಲಿ, ಫಿಸಿಯೋಥೆರಪಿ ವಿಭಾಗ ಇದೆ.

ವಾರಕ್ಕೊಂದು ದಿನದ ಅರ್ಧ ಗಂಟೆಯಿಂದ ಮಗು ಬದಲಾಗುವುದಿಲ್ಲ. ಥೆರಪಿಸ್ಟ್ ನಿಮಗೆ ಕಲಿಸಬೇಕು, ನೀವು ದಿನದ ಕೆಲಸದಲ್ಲೇ ಸೇರಿಸಿಕೊಳ್ಳಬೇಕು. ನೋಡಿ: ನಮ್ಮ ಹೆಂಗಸರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾರಲ್ಲ, ಕತ್ತು ನಿಂತ ಮಗುವಿಗೆ ಅದು ಒಳ್ಳೆಯ ಭಂಗಿ. ಎರಡು ತೊಡೆ ಅಗಲವಾಗುತ್ತದೆ, ಕಾಲು ಕತ್ತರಿ ಬೀಳುವುದಿಲ್ಲ, ಎರಡು ಕೈ ಮುಂದೆ ಬರುತ್ತವೆ. ಎಚ್ಚರ ಇದ್ದಾಗ ಚಾಪೆಯ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಹಾಕಿ, ಎದುರಿಗೆ ನೀವೂ ಮಲಗಿ ಮಾತಾಡಿಸಿ. ನಿದ್ದೆ ಮಾತ್ರ ಅಂಗಾತ. ಬಿಗಿ ಇರುವ ಕೈ ಕಡೆ ಗಿಲಕಿ ಇಟ್ಟು, ಅದೇ ಕೈಯಿಂದ ಹಿಡಿಯುವವರೆಗೆ ಕಾಯಿರಿ. ನೀವು ಮಗುವಿನ ಕಾಲನ್ನು ನೂರು ಸಲ ಮಡಿಸಿ ಬಿಡಿಸುವುದಕ್ಕಿಂತ ಮಗು ತಾನೇ ಹತ್ತು ಸಲ ಪ್ರಯತ್ನಿಸುವುದು ಹೆಚ್ಚು.

ಹಾಲು ಕುಡಿಯುವಾಗ ಕೆಮ್ಮು, ಗುಟುಕಿಗೆ ಗುಟುಕು ಏದುಸಿರು ಇದ್ದರೆ ತಲೆ ಎತ್ತರಿಸಿ ಕುಡಿಸಿ, ಥೆರಪಿಸ್ಟ್‌ಗೆ ಹೇಳಿ. ರಾಗಿ ಸರಿ ಯಾವಾಗ ಶುರು ಮಾಡಬೇಕು ಎಂಬುದನ್ನೂ ಅವರನ್ನೇ ಕೇಳಿ. ಮಲಗಿಸಿ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ವಾಕರ್ ಕೊಡಿಸಬೇಡಿ. ಉಡುಗೊರೆ ಬಂದರೂ ಬೇಡ. ತುದಿಗಾಲಲ್ಲಿ ತಳ್ಳುವುದನ್ನು ಕಲಿತರೆ ಬಿಡಿಸುವುದು ಕಷ್ಟ.

7. ದುಡ್ಡು ಕೀಳುವ ದಾರಿಗಳು

ಈ ಹೊತ್ತಲ್ಲಿ ಯಾರು ಏನು ಹೇಳಿದರೂ ನಂಬಬೇಕು ಅನ್ನಿಸುತ್ತದೆ. ಅದು ಸಹಜ. ಆದರೆ ಕೆಲವನ್ನು ಖಡಾಖಂಡಿತವಾಗಿ ಹೇಳಬೇಕು.

ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸೆರೆಬ್ರಲ್ ಪಾಲ್ಸಿಗೆ ಅದನ್ನು ದುಡ್ಡು ಪಡೆದು ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮ ಒಪ್ಪುವುದಿಲ್ಲ. ಹೊಲ ಅಡ ಇಟ್ಟು ಅಲ್ಲಿಗೆ ಹೋಗಬೇಡಿ. ಮೆದುಳಿನ ಟಾನಿಕ್‌ಗಳಿಂದ ಪೆಟ್ಟಾದ ಭಾಗ ಮತ್ತೆ ಬೆಳೆಯುವುದಿಲ್ಲ. ಹೊಟ್ಟೆಗೆ, ಹಣೆಗೆ ಬರೆ ಹಾಕಿಸುವುದು ಬರೀ ಹಿಂಸೆ, ಸೋಂಕು ಬೇರೆ. ಫಿಟ್ಸ್‌ಗೆ ಬಾಲಗ್ರಹ ಎಂದು ನಾಟಿ ಬೇರು ಅರೆದು ಕುಡಿಸುವುದೂ ಬೇಡ. ತಾಯತ ಕಟ್ಟಿ, ದೃಷ್ಟಿ ತೆಗೆಯಿರಿ, ಹರಕೆ ಹೊರಿ, ನನ್ನದೇನೂ ತಕರಾರಿಲ್ಲ. ಮಗುವಿನ ಬಾಯಿಗೆ ಹೋಗುವುದು, ಮೈ ಸುಡುವುದು, ಚೆಕಪ್ ತಪ್ಪಿಸುವುದು, ಈ ಮೂರು ಮಾತ್ರ ಆಗಕೂಡದು.

8. ಖರ್ಚು ಮತ್ತು ಕಾಗದಪತ್ರ

ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಜನನಿ ಶಿಶು ಸುರಕ್ಷಾ ಯೋಜನೆಯಡಿ ಚಿಕಿತ್ಸೆ, ಔಷಧಿ, ಪರೀಕ್ಷೆ, ಸಾಗಣೆ ಉಚಿತ. ಶಂಟ್‌ನಂಥ ಆಪರೇಷನ್‌ಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ಗೆ ಖರ್ಚಿನ 30 ಶೇಕಡಾ, ಅದೂ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಆದರೆ ಮಾತ್ರ ಚೀಟಿ ಇಲ್ಲದೆ ನಡೆಯುತ್ತದೆ. ಜನ ಎಡವುವುದು ಈ ಚೀಟಿಯಲ್ಲೇ.

ಸೆರೆಬ್ರಲ್ ಪಾಲ್ಸಿ ಎಂದು ಖಚಿತವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಕಾರ್ಡ್ ಕೊಡುತ್ತಾರೆ. ಕಾರ್ಡ್ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಹಚ್ಚಿದ ಹಾಗೆ ಎಂದು ಎಷ್ಟೋ ಮನೆಯಲ್ಲಿ ಮುಂದೂಡುತ್ತಾರೆ. ನನ್ನ ಮಾತು ಕೇಳುವುದಾದರೆ ಮಾಡಿಸಿ. ಪಿಂಚಣಿ, ಬಸ್ ಪಾಸ್, ಸಲಕರಣೆ, ಎಲ್ಲಕ್ಕೂ ಅದೇ ಬಾಗಿಲು. ನಿರಾಮಯ ಎಂಬ ವಿಮೆಯೂ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಅಡ್ಮಿಟ್ ಆಗದೆ ಪಡೆಯುವ ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

9. ಮನೆಯೊಳಗಿನ ಮಾತು

ಮಗು ಬೇಗ ಹುಟ್ಟಿದ್ದಕ್ಕೆ ಬೆರಳು ಮೊದಲು ತಿರುಗುವುದು ಬಾಣಂತಿಯ ಕಡೆಗೆ. ಗ್ರಹಣದಲ್ಲಿ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಕೆಲಸಕ್ಕೆ ಹೋದಳು. ಇದರಲ್ಲಿ ಯಾವುದರಿಂದಲೂ ಮಗುವಿನ ಮೆದುಳಲ್ಲಿ ರಕ್ತ ಸೋರುವುದಿಲ್ಲ. ಹುಟ್ಟಿದಾಗ ನಾಳ ತೆಳುವಾಗಿತ್ತು, ಅಷ್ಟೇ ಕಾರಣ. ಈ ಮಾತನ್ನು ಮನೆಯಲ್ಲಿ ಎಲ್ಲರೆದುರು ಹೇಳಬೇಕಾದವರು ಅಪ್ಪ. ಹೆಂಡತಿ ಒಬ್ಬಳೇ ಇದ್ದಾಗ ಸಮಾಧಾನ ಹೇಳಿದರೆ ಸಾಲದು.

ಅಮ್ಮನಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ, ಎರಡು ವಾರವಾದರೂ ಹೀಗೇ ಎಂದರೆ ಅದು ಬಾಣಂತಿ ಖಿನ್ನತೆ ಇರಬಹುದು. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೆಲಸ ಹಂಚಿಕೊಳ್ಳಿ. ಫೈಲು ಮತ್ತು ತಾರೀಖು ಒಬ್ಬರದು, ಔಷಧಿ ಇನ್ನೊಬ್ಬರದು. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಸ್ಕ್ಯಾನ್ ವಿಷಯ ಮುಚ್ಚಿಡಬೇಡಿ. ಡಿಇಐಸಿಗೆ ದಾರಿ ಮಾಡಿಕೊಡುವವರು ಅವರೇ. ನೆಂಟರು "ಏನಂತೆ ಮಗೂಗೆ" ಎಂದು ಕೇಳಿದರೆ ಒಂದೇ ವಾಕ್ಯ ಸಾಕು: "ಬೇಗ ಹುಟ್ಟಿದೆ, ಥೆರಪಿ ನಡೀತಿದೆ."

10. ಮುಂದಿನ ಬಸಿರು

ಮತ್ತೆ ಬಸಿರಾದರೆ ಮೊದಲ ಚೆಕಪ್‌ನಲ್ಲೇ ಈ ಮಗುವಿನ ವಿಷಯ ಹೇಳಿ. ಹೆರಿಗೆ ಬೇಗ ಆಗುವ ಸೂಚನೆ ಇದ್ದರೆ 34 ವಾರದೊಳಗೆ ಅಮ್ಮನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನು ಬಲಪಡಿಸುತ್ತದೆ, ಮೆದುಳಿನ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆ. 32 ವಾರಕ್ಕಿಂತ ಮುಂಚೆಯಾದರೆ ಮೆಗ್ನೀಷಿಯಂ ಸಲ್ಫೇಟ್ ಕೊಡುವುದರಿಂದ ಸೆರೆಬ್ರಲ್ ಪಾಲ್ಸಿಯ ಅಪಾಯ ಇಳಿಯುತ್ತದೆ. ಎರಡೂ ಹೆರಿಗೆಗೆ ಮುಂಚೆ ಆಗಬೇಕಾದ್ದು. ಹಾಗಾಗಿ ಹೊಟ್ಟೆ ಬಿಗಿಯುವುದು, ನೀರು ಹೋಗುವುದು ಕಂಡ ಕೂಡಲೇ ಎನ್‌ಐಸಿಯು ಇರುವ ಆಸ್ಪತ್ರೆಗೇ ನೇರ ಹೋಗಿ. ಹುಟ್ಟಿದ ಮೇಲೆ ಸಣ್ಣ ಕೂಸನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿ ಇರುವಾಗಲೇ ಸಾಗಿಸುವುದು ಮಗುವಿಗೆ ಕ್ಷೇಮ. ಆ ಆಸ್ಪತ್ರೆ ಯಾವುದು, ರಾತ್ರಿ ಹೊತ್ತು ಗಾಡಿ ಯಾರದು ಎಂಬುದನ್ನು ಆರನೇ ತಿಂಗಳು ಬರುವ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.